ಕ್ಲಾಸು ಶುರುವಾಗುವ ಮೊದಲು ಆ ಹಳೇ ಕಂಪ್ಯೂಟರಿಗೆ ಒಂದು ವಾರ ಕೊಡು

ಪ್ರೀತಿಯ ಸುಮಾ,

ನಿನ್ನ ಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಶಿರಸಿ ಕಡೆ ಮಳೆ ಹಿಡಿದಿದೆ ಅಂತ ಅಕ್ಕ ಹೇಳಿದಳು. ತೋಟದ ಕೆಲಸದ ನಡುವೆ ಬಿಡುವಾದಾಗ ಈ ಕಾಗದ ಓದು.

ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಮತ್ತೆ ಓದಲು ಕೂರುತ್ತೇನೆ ಎಂದು ನೀನು ಫೋನಿನಲ್ಲಿ ಹೇಳಿದೆಯಲ್ಲ, ಆವತ್ತು ನನಗೂ ನಿನ್ನ ಅತ್ತೆಗೂ ಆದ ಸಂತೋಷ ಅಷ್ಟಿಷ್ಟಲ್ಲ. ಎನ್‌ಪಿಟಿಇಎಲ್‌ನಲ್ಲಿ ಲೀನಿಯರ್ ಆಲ್ಜಿಬ್ರಾ ಅನ್ನುವ ಗಣಿತದ ಕೋರ್ಸ್ ತೆಗೆದುಕೊಂಡಿದ್ದು ಒಳ್ಳೆಯದಾಯಿತು. ಐಐಟಿಗಳೂ ನಮ್ಮ ಬೆಂಗಳೂರಿನ ಐಐಎಸ್‌ಸಿಯೂ ಸೇರಿ 2003ರಲ್ಲಿ ಶುರು ಮಾಡಿದ ಆನ್‌ಲೈನ್ ಪಾಠಗಳ ಯೋಜನೆ ಅದು. ಆ ಮೇಷ್ಟ್ರುಗಳ ಪಾಠ ಇವತ್ತು ನಿನ್ನ ಅಡುಗೆಮನೆ ಪಕ್ಕದ ಕೋಣೆಗೆ ಬರುತ್ತದೆ. ಅದಕ್ಕಿಂತ ಇನ್ನೇನು ಬೇಕು?

ಆದರೆ ನೀನು ಕೊನೆಗೆ ಹೇಳಿದ ಒಂದು ಮಾತು ನನ್ನ ತಲೆಯಲ್ಲೇ ಉಳಿದಿದೆ. "ಕಂಪ್ಯೂಟರ್ ಹಳೇದು ಮಾವ, ಸಾಲ ಮಾಡಿಯಾದರೂ ಹೊಸ ಲ್ಯಾಪ್‌ಟಾಪ್ ತಗೋಬೇಕೇನೋ" ಅಂದೆ. ಬೇಡಮ್ಮ. ಕಾಲೇಜಿನ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದವನು ಹೇಳುತ್ತಿದ್ದೇನೆ. ಮನೆಯಲ್ಲಿ ಕಲಿಯುವವರು ನಡುವೆ ಬಿಡುವುದು ಹೆಚ್ಚಾಗಿ ಪಾಠ ಕಷ್ಟವಾಗಿ ಅಲ್ಲ. ಕೂತಾಗಲೆಲ್ಲ ಒಂದಲ್ಲ ಒಂದು ಕಿರಿಕಿರಿ. ಇವತ್ತು ಕರೆಂಟ್, ನಾಳೆ ನೆಟ್, ನಾಡಿದ್ದು ಪಾಸ್‌ವರ್ಡ್. ಮೂರು ದಿನ ಹಾಗಾದರೆ ನಾಲ್ಕನೇ ದಿನ ಕೂರುವ ಮನಸ್ಸೇ ಬರುವುದಿಲ್ಲ. ಹಾಗಾಗಿ ಕ್ಲಾಸು ಶುರುವಾಗುವುದಕ್ಕೆ ಮೊದಲು ಒಂದು ವಾರ ಬರೀ ಆ ಯಂತ್ರಕ್ಕೆ ಅಂತ ಇಟ್ಟುಕೋ.

ಮೊದಲು ಕರೆಂಟಿನ ವಿಷಯ. ಎಲ್ಲರೂ ಇದನ್ನು ಕೊನೆಗೆ ನೋಡುತ್ತಾರೆ, ನಿಮ್ಮ ಊರಿನಲ್ಲಿ ಇದೇ ಮೊದಲು. ಜುಲೈ ಕೊನೆಗೆ ಕೋರ್ಸು ಶುರು ಅಂದರೆ ಸರಿಯಾಗಿ ಮಳೆಗಾಲದ ನಡುಮಧ್ಯ. ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಎರಡು ದಿನ ಕತ್ತಲೆ. ಕಳೆದ ಸಲ ಬಂದಾಗ ನಾನು ಆ ಕಂಪ್ಯೂಟರಿನ ಪೆಟ್ಟಿಗೆ ಮುಟ್ಟಿದೆ, ಬೆರಳಿಗೆ ಜುಮ್ ಅಂದಿತು. ನೀನೂ ಗಮನಿಸಿರಬಹುದು. ಅದನ್ನು ಸುಮ್ನೆ ಬಿಡಬೇಡ. ಅರ್ತಿಂಗ್, ಅಂದರೆ ಸೋರುವ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ, ಸರಿ ಇಲ್ಲ ಅಂತ ಅರ್ಥ. ಹಿತ್ತಲಿನ ಅರ್ತ್ ಗುಂಡಿಯಿಂದ ಬರುವ ತಂತಿ ತುಕ್ಕು ಹಿಡಿದಿರಬಹುದು, ಇಲ್ಲವೇ ಆ ಪ್ಲಗ್ಗಿನ ದಪ್ಪ ಪಿನ್ನಿಗೆ ತಂತಿಯನ್ನೇ ಕೊಟ್ಟಿಲ್ಲದೆ ಇರಬಹುದು. ಎಲೆಕ್ಟ್ರಿಷಿಯನ್ ಕರೆಸಿ ತೋರಿಸುವವರೆಗೆ ಮಗನನ್ನು ಅದರ ಹತ್ತಿರ ಬಿಡಬೇಡ. ನೀನೂ ಅದನ್ನು ಹಾಕಬೇಡ.

ಆಮೇಲೆ ಒಂದು 600 ವಿಎ ಯುಪಿಎಸ್. ಅದು ಗಂಟೆಗಟ್ಟಲೆ ಓಡಿಸುವುದಿಲ್ಲ, ಹತ್ತು ಹದಿನೈದು ನಿಮಿಷ ಅಷ್ಟೆ. ಬರೆದದ್ದನ್ನು ಸೇವ್ ಮಾಡಿ ಸರಿಯಾಗಿ ಆಫ್ ಮಾಡಲು ಅಷ್ಟು ಸಾಕು. ರೂಟರಿಗೆ ಬೇರೆಯೇ ಒಂದು ಸಣ್ಣ 12 ವೋಲ್ಟಿನ ಯುಪಿಎಸ್ ಸಿಗುತ್ತದೆ, ಅದು ಕೆಲವು ಗಂಟೆ ತಡೆಯುತ್ತದೆ. ಕರೆಂಟ್ ಹೋದರೂ ನೆಟ್ ಇದ್ದರೆ ಫೋನಿನಲ್ಲಾದರೂ ಪಾಠ ಕೇಳಬಹುದಲ್ಲ. ಗುಡುಗು ಶುರುವಾದರೆ ಮಾತ್ರ ಪ್ಲಗ್ಗೂ ನೆಟ್ ಕೇಬಲ್ಲೂ ಎರಡನ್ನೂ ಕಿತ್ತಿಡು. ಸ್ವಿಚ್ ಆಫ್ ಮಾಡಿದರೆ ಸಾಲದು. ಸಿಡಿಲು ತಂತಿ ಹಿಡಿದು ಒಳಗೆ ಬಂದರೆ ಸ್ವಿಚ್ಚು ಅದನ್ನು ತಡೆಯುವುದಿಲ್ಲ.

ಇನ್ನು ಪೆಟ್ಟಿಗೆಯ ಒಳಗೆ. ಅದು ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, ಹಳೇ ತಿರುಗುವ ಹಾರ್ಡ್‌ಡಿಸ್ಕ್. ನಿಧಾನಕ್ಕೆ ಕಾರಣ ಮುಖ್ಯವಾಗಿ ಆ ಡಿಸ್ಕು. ಅದರ ಜಾಗಕ್ಕೆ ತಿರುಗುವ ಭಾಗವೇ ಇಲ್ಲದ ವೇಗದ ಡಿಸ್ಕು, ಒಂದು 256 ಜಿಬಿ ಸಾಟಾ ಎಸ್‌ಎಸ್‌ಡಿ ಹಾಕಿಸು. ಆನ್ ಮಾಡಿ ಕಾಫಿ ಕುಡಿದು ಬಂದರೂ ಸುತ್ತುತ್ತಲೇ ಇರುತ್ತದೆ ಅಂತಿದ್ದೆಯಲ್ಲ, ಅದು ಒಂದೇ ಸಲಕ್ಕೆ ಸರಿಹೋಗುತ್ತದೆ. ರ್‍ಯಾಮ್ 8 ಜಿಬಿ ಮಾಡಿಸಿದರೆ ಇನ್ನೂ ಒಳ್ಳೆಯದು. ಅದಕ್ಕೆ ಹಾಕುವುದು ಡಿಡಿಆರ್3 ಅನ್ನುವ ಬಗೆ. ಅಂಗಡಿಗೆ ಹೋಗುವಾಗ ಹಳೇ ರ್‍ಯಾಮ್ ಪಟ್ಟಿಯನ್ನೇ ಕಳಚಿ ತೆಗೆದುಕೊಂಡು ಹೋಗಿ ತೋರಿಸು. ವಾಪಸ್ ಹಾಕುವ ಮೊದಲು ಅದರ ಬಂಗಾರದ ಬಣ್ಣದ ಅಂಚನ್ನು ಮಗನ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಒರೆಸು. ಲ್ಯಾಬಿನಲ್ಲಿ ಸತ್ತೇಹೋಯಿತು ಅಂದುಕೊಂಡ ಎಷ್ಟೋ ಕಂಪ್ಯೂಟರುಗಳು ಅಷ್ಟಕ್ಕೇ ಎದ್ದು ಕೂತಿವೆ.

ಅಲ್ಲೇ ಬೋರ್ಡಿನ ಮೇಲೆ ರೂಪಾಯಿ ನಾಣ್ಯದ ಹಾಗೆ ಗುಂಡಗೆ ಒಂದು ಸೆಲ್ ಕಾಣುತ್ತದೆ. ಅದರ ಮೇಲೆ ಸಿಆರ್2032 ಅಂತ ಬರೆದಿರುತ್ತದೆ. ಕಂಪ್ಯೂಟರ್ ಆಫ್ ಇದ್ದಾಗಲೂ ಅದರ ಗಡಿಯಾರ ಓಡಿಸುವುದು ಅದೇ. ಅದರ ಬಗ್ಗೆ ಒಂದು ವಿಷಯ ಹೇಳಬೇಕು. ಒಂದು ವರ್ಷ ಬೇಸಿಗೆ ರಜೆ ಮುಗಿದು ಲ್ಯಾಬ್ ತೆಗೆದಾಗ ಹುಡುಗರೆಲ್ಲ "ಸರ್, ನೆಟ್ಟೇ ಇಲ್ಲ" ಅಂದರು. ಯಾವ ವೆಬ್‌ಸೈಟ್ ತೆಗೆದರೂ "ಇದು ಸುರಕ್ಷಿತವಲ್ಲ" ಅನ್ನುವ ಎಚ್ಚರಿಕೆ. ನಾನು ಅರ್ಧ ದಿನ ಕೇಬಲ್ ಎಳೆದೆ, ರೂಟರ್ ಬದಲಾಯಿಸಿದೆ. ಕೊನೆಗೆ ಒಬ್ಬ ಹುಡುಗಿ ಪರದೆಯ ಮೂಲೆಗೆ ಬೆರಳು ತೋರಿಸಿದಳು. ಗಡಿಯಾರ 2009 ಅನ್ನುತ್ತಿತ್ತು. ಸೆಲ್ಲುಗಳು ಸತ್ತಿದ್ದವು. ಪ್ರತಿ ವೆಬ್‌ಸೈಟಿನ ಭದ್ರತಾ ಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಕಂಪ್ಯೂಟರಿನ ತಾರೀಖು ಆ ಅವಧಿಯ ಹೊರಗೆ ಬಿದ್ದರೆ ಬ್ರೌಸರ್ ಒಳಗೆ ಬಿಡುವುದಿಲ್ಲ. ಮೂವತ್ತು ನಲವತ್ತು ರೂಪಾಯಿಯ ಸೆಲ್ಲು ಒಂದು ಕ್ಲಾಸನ್ನೇ ನಿಲ್ಲಿಸಿಬಿಟ್ಟಿತ್ತು. ನಿನ್ನದು ಹತ್ತು ವರ್ಷದ ಹಳೇ ಯಂತ್ರ, ಅದರ ಸೆಲ್ಲನ್ನು ಒಮ್ಮೆಯೂ ಬದಲಿಸಿಲ್ಲ ಅಂತ ಅಳಿಯಂದಿರೇ ಹೇಳಿದ್ದರು.

ಯಾವುದನ್ನೂ ಬಿಚ್ಚುವ, ಬದಲಿಸುವ ಮುಂಚೆ ಅದರೊಳಗೆ ಇರುವುದನ್ನೆಲ್ಲ ಹೊರಗಿನ ಒಂದು ಡಿಸ್ಕಿಗೆ ನಕಲು ಮಾಡಿಡು. ಅಳಿಯಂದಿರ ಅಡಿಕೆ ಲೆಕ್ಕ, ಮಗನ ನಾಮಕರಣದ ಫೋಟೋಗಳು, ನನ್ನ ಅಮ್ಮನ ಕೊನೆಯ ವರ್ಷದ ಫೋಟೋಗಳು ಎಲ್ಲ ಅಲ್ಲೇ ಇವೆ ಅಲ್ವಾ? ನಕಲು ಮಾಡಿದ ಮೇಲೆ ಅದೇ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ, ನಾಲ್ಕು ಫೋಟೋ ತೆಗೆದು ಕಣ್ಣಾರೆ ನೋಡು. ನೋಡದೆ ಆಯಿತು ಅಂತ ನಂಬಬೇಡ. ನಾನು ಒಮ್ಮೆ ಹಾಗೆ ನಂಬಿ ನಿನ್ನ ಅತ್ತೆಯ ತವರಿನ ಮದುವೆ ಫೋಟೋಗಳನ್ನು ಕಳೆದಿದ್ದೇನೆ. ಇವತ್ತಿಗೂ ಅದರ ನೋವು ಹೋಗಿಲ್ಲ.

ಈಗ ಅದರಲ್ಲಿರುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ಪು, ಹೊಸ ಪ್ರೊಸೆಸರ್ ನಿನ್ನದರಲ್ಲಿ ಇಲ್ಲ. "ಹೇಗಾದರೂ ಹಾಕಿಕೊಡ್ತೀನಿ" ಅನ್ನುವವರು ಅಂಗಡಿಯಲ್ಲಿ ಸಿಗುತ್ತಾರೆ. ಅವರ ಕೈಗೆ ಕೊಡಬೇಡ. ನನ್ನ ಮಾತು ಕೇಳುವುದಾದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿಸು, ಅದರಲ್ಲಿ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ. ದುಡ್ಡು ಕೊಡಬೇಕಿಲ್ಲ. ಪಾಠದ ವಿಡಿಯೋ, ಅಸೈನ್‌ಮೆಂಟ್ ಎಲ್ಲ ಬ್ರೌಸರಿನಲ್ಲೇ ನಡೆಯುತ್ತದೆ. ಫೈರ್‌ಫಾಕ್ಸ್ ಇದ್ದರೆ ಮುಗಿಯಿತು. ಅಡಿಕೆ ಲೆಕ್ಕದ ಎಕ್ಸೆಲ್ ಫೈಲು ಲಿಬ್ರೆ ಆಫೀಸಿನಲ್ಲಿ ತೆರೆಯುತ್ತದೆ. ಪರೀಕ್ಷೆಯನ್ನು ಕೇಂದ್ರಕ್ಕೇ ಹೋಗಿ ಬರೆಯುವುದರಿಂದ ಮನೆಯ ಯಂತ್ರಕ್ಕೆ ಅದರ ಚಿಂತೆ ಇಲ್ಲ. ನಿನಗೆ ಅಂತ ಬೇರೆ ಖಾತೆ ಮಾಡಿಕೋ, ಮಗನ ಆಟಗಳು ಅವನ ಖಾತೆಯಲ್ಲಿರಲಿ.

ನೆಟ್ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ನಿಮ್ಮದು ಮಣ್ಣಿನ ದಪ್ಪ ಗೋಡೆಯ ಮನೆ. ಚಾವಡಿಯ ವೈಫೈ ಒಳಕೋಣೆಗೆ ಬರುವಷ್ಟರಲ್ಲಿ ಸೋತುಹೋಗುತ್ತದೆ. ರೂಟರಿನಿಂದ ಕಂಪ್ಯೂಟರಿಗೆ ಒಂದು ಉದ್ದದ ಲ್ಯಾನ್ ಕೇಬಲ್ ಎಳೆಸು. ಪಾಠದ ವಿಡಿಯೋಗಳನ್ನು ಇಳಿಸಿಕೊಳ್ಳಬಹುದು. ನೆಟ್ ಚೆನ್ನಾಗಿರುವ ಬೆಳಗಿನ ಜಾವ ಆ ವಾರದ್ದನ್ನೆಲ್ಲ ಇಳಿಸಿಟ್ಟರೆ ಆಮೇಲೆ ಮಳೆ ಏನೇ ಮಾಡಲಿ.

ಅಸೈನ್‌ಮೆಂಟನ್ನು ಮಾತ್ರ ಕೊನೆಯ ರಾತ್ರಿಗೆ ಇಡಬೇಡ. ನಿವೃತ್ತಿಯಾದ ಮೇಲೆ ನಾನೂ ಒಂದು ಕೋರ್ಸ್ ಮಾಡಿದೆನಲ್ಲ, ಗಡುವು ರಾತ್ರಿ 11:59. ಹನ್ನೊಂದೂ ನಲವತ್ತಕ್ಕೆ ಕರೆಂಟ್ ಹೋಯಿತು. ಉತ್ತರವೆಲ್ಲ ಹಾಳೆಯಲ್ಲಿ ಬರೆದಿಟ್ಟಿದ್ದೆ, ಸಬ್‌ಮಿಟ್ ಒತ್ತುವುದಷ್ಟೇ ಬಾಕಿ. ಕತ್ತಲಲ್ಲಿ ಕೂತು ಆ ಹತ್ತೊಂಬತ್ತು ನಿಮಿಷ ಕಳೆದದ್ದು ನೆನಪಿದೆ. 12 ವಾರದ ಕೋರ್ಸಿನಲ್ಲಿ ಸಾಮಾನ್ಯವಾಗಿ ಒಳ್ಳೆಯ 8 ಅಸೈನ್‌ಮೆಂಟಿನ ಅಂಕ ಹಿಡಿಯುತ್ತಾರೆ, ನೂರರಲ್ಲಿ 25 ಅದಕ್ಕೆ, 75 ಪರೀಕ್ಷೆಗೆ. ಹಾಗಾಗಿ ಒಂದು ತಪ್ಪಿದರೆ ಗಾಬರಿ ಬೇಡ. ಆದರೂ ಎರಡು ದಿನ ಮೊದಲೇ ಒತ್ತಿಬಿಡು.

ಕೋರ್ಸಿಗೆ ಸೇರುವುದು ಉಚಿತ, ಪರೀಕ್ಷೆಗೆ ಬೇರೆ ಫಾರ್ಮ್ ತುಂಬಿ ಶುಲ್ಕ ಕಟ್ಟಬೇಕು. ಅಲ್ಲಿ ಹೆಸರು ಬರೆಯುವಾಗ ಎಚ್ಚರ. ನಿನ್ನ ಮಾರ್ಕ್ಸ್‌ಕಾರ್ಡಿನಲ್ಲಿ ಅಪ್ಪನ ಇನಿಷಿಯಲ್, ಆಧಾರಿನಲ್ಲಿ ಅಳಿಯಂದಿರ ಹೆಸರು. ಪರೀಕ್ಷೆಗೆ ಯಾವ ಗುರುತಿನ ಚೀಟಿ ಒಯ್ಯುತ್ತೀಯೋ ಅದರಲ್ಲಿ ಇದ್ದ ಹಾಗೇ ಬರೆ.

ಕೂರುವ ಜಾಗ ನಿನ್ನದೇ ಆಗಿರಲಿ. ಊಟದ ಮೇಜಿನ ಮೇಲೆ ಬೇಡ, ದಿನಾ ಎತ್ತಿಡುವುದೇ ಒಂದು ಕೆಲಸವಾಗುತ್ತದೆ. ಪರದೆ ತಗ್ಗಾದರೆ ಅಡಿಗೆ ಒಂದು ಮಣೆ ಇಡು, ಅದರ ಮೇಲಂಚು ಕಣ್ಣಿನ ಸಮಕ್ಕೆ ಬರಬೇಕು. ಮಳೆಗಾಲದಲ್ಲಿ ಕಂಪ್ಯೂಟರನ್ನು ಗೋಡೆಗೆ ಒತ್ತಿ ಇಡಬೇಡ, ಥಂಡಿ ಹಿಡಿಯುತ್ತದೆ. ದಿನಕ್ಕೆ ಒಂದು ಗಂಟೆಯಾದರೂ ಓಡಿಸು. ಬಿಸಿಗೆ ಒಳಗಿನ ತೇವ ಆರುತ್ತದೆ. ಲೆಕ್ಕ ಮಾಡಲು ಕಾಗದ, ಪೆನ್ನು ಪಕ್ಕದಲ್ಲೇ ಇರಲಿ. ಮ್ಯಾಟ್ರಿಕ್ಸ್ ಕೈಯಲ್ಲಿ ಬಿಡಿಸದೆ ತಲೆಗೆ ಹೋಗುವುದಿಲ್ಲ, ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಸೆಲ್ಲು, ಎಸ್‌ಎಸ್‌ಡಿ, ಮಿಂಟ್ ತುಂಬಿದ ಪೆನ್‌ಡ್ರೈವ್ ನಾನೇ ತರುತ್ತೇನೆ. ಬರುವ ಭಾನುವಾರ ರಾತ್ರಿ ಬಸ್ಸಿಗೆ ಹೊರಟು ಸೋಮವಾರ ಬೆಳಗ್ಗೆ ಅಲ್ಲಿರುತ್ತೇನೆ. ಅಷ್ಟರಲ್ಲಿ ನೀನು ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಸರಿ ಮಾಡಿಸಿಡು. ಅವನು ಸರಿ ಅಂದ ಮೇಲೆ ಒಂದೇ ಒಂದು ಸಲ ಕಂಪ್ಯೂಟರ್ ಆನ್ ಮಾಡಿ, ಮೂಲೆಯ ಗಡಿಯಾರ ಯಾವ ವರ್ಷ ತೋರಿಸುತ್ತದೆ ಅಂತ ನೋಡಿ ನನಗೆ ಮೆಸೇಜ್ ಹಾಕು.

ಇಂತಿ ನಿನ್ನ ಪ್ರೀತಿಯ,
ಸೋದರಮಾವ