‘ಜೆಗ್ ಎಲ್ಸ್ಕರ್ ಡಿಗ್’ ಅಲ್ಲ, ‘ಯೈ ಎಲ್ಸ್ಕ ಡೈ’

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ಮಾತನ್ನು ಬೇರೆ ಬೇರೆ ಭಾಷೆಗಳಲ್ಲಿ ಪಟ್ಟಿ ಮಾಡಿ ಕೊಟ್ಟಿದ್ದೀರಿ. ಅದರಲ್ಲಿ ಡ್ಯಾನಿಶ್ ಸಾಲು ‘ಜೆಗ್ ಎಲ್ಸ್ಕರ್ ಡಿಗ್’ ಎಂದು ಅಚ್ಚಾಗಿದೆ. ಇರುವ ಮೂರು ಪದಗಳಲ್ಲಿ ಮೂರೂ ತಪ್ಪು. ಬರೆದ ಅಕ್ಷರವನ್ನು ಇಂಗ್ಲಿಷ್ ಓದಿದ ಹಾಗೆ ಓದಿದ್ದರಿಂದ ಹೀಗಾಗಿದೆ. ಡ್ಯಾನಿಶ್‌ನಲ್ಲಿ ಬರೆಯುವುದೊಂದು, ನುಡಿಯುವುದೊಂದು. ‘ನಾನು’ ಎನ್ನುವ ಪದವನ್ನು ಜೆ, ಇ, ಜಿ ಎಂದು ಬರೆದು ‘ಯೈ’ ಎನ್ನುತ್ತಾರೆ. ಮಾತಿನ ಓಟದಲ್ಲಿ ಅದು ಬರೀ ‘ಯಾ’ ಆಗುತ್ತದೆ. ಡಿ, ಐ, ಜಿ ಎಂದು ಬರೆದದ್ದು ‘ಡೈ’. ಹಾಗೆಯೇ ‘ನನ್ನನ್ನು’ ಎನ್ನಲು ‘ಮೈ’. ಕೊನೆಯ ‘ಜಿ’ ಎಲ್ಲೂ ಬಾಯಿಗೆ ಬರುವುದಿಲ್ಲ.

ಓದಿಗೋ ನೌಕರಿಗೋ ಡೆನ್ಮಾರ್ಕಿನ ಕೋಪನ್‌ಹೇಗನ್, ಆರ್ಹುಸ್ ಕಡೆ ಹೋಗಿ ಅಲ್ಲಿಯವರೊಡನೆ ಬಾಳು ಹೂಡುವ ನಮ್ಮ ಹುಡುಗ ಹುಡುಗಿಯರು ಮೊದಲು ಹುಡುಕುವುದೇ ಇಂಥ ಪಟ್ಟಿಗಳನ್ನು. ಅವರಿಗೆ ಇಂಗ್ಲಿಷ್ ದಾರಿಯಿಂದ ಡ್ಯಾನಿಶ್ ಕಲಿಯುವುದಕ್ಕಿಂತ ನಮ್ಮ ಮನೆಯ ಕನ್ನಡದ ದಾರಿಯೇ ಹತ್ತಿರ ಎಂಬುದು ನಮ್ಮ ಖಚಿತ ಅಭಿಪ್ರಾಯ. ಆ ಒಂದು ಸಾಲಿಗಿಂತ ಹೆಚ್ಚು ಬೇಕಾಗುವ ಮಾತುಗಳನ್ನೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇವೆ.

ಮೊದಲು ಉಚ್ಚಾರ. ಅಲ್ಪಪ್ರಾಣ, ಮಹಾಪ್ರಾಣ ಬಲ್ಲ ಬಾಯಿಗೆ ಇದರಲ್ಲಿ ಅರ್ಧ ಕೆಲಸ ಮುಗಿದಂತೆ. ಡ್ಯಾನಿಶ್‌ನಲ್ಲಿ ಪದದ ಮೊದಲಿಗೆ ಬರುವ ಕೆ, ಪಿ ಅಕ್ಷರಗಳು ಉಸಿರು ಒತ್ತಿ ನುಡಿಯುವ ಮಹಾಪ್ರಾಣಗಳು. ಟಿ ಅಕ್ಷರಕ್ಕೂ ಉಸಿರು ಬೇಕು, ಜೊತೆಗೆ ತುಸು ‘ತ್ಸ’ಕಾರ ಸೇರುತ್ತದೆ. ಬಿ, ಡಿ, ಜಿ ಅಕ್ಷರಗಳು ನಮ್ಮ ಬ, ಡ, ಗಗಳಂತೆ ಗಂಟಲಲ್ಲಿ ಗುಂಯ್‌ಗುಡುವುದಿಲ್ಲ. ನಮ್ಮ ಕಿವಿಗೆ ಅವು ಪ, ಟ, ಕಗಳಿಗೆ ಹತ್ತಿರ ಕೇಳುತ್ತವೆ. ಹಾಗಾಗಿ ‘ಡೈ’ ಎಂದು ನಾವು ಬರೆದದ್ದನ್ನು ‘ಟೈ’ ಎನ್ನುವ ಕಡೆಗೆ ಸ್ವಲ್ಪ ವಾಲಿಸಿದರೆ ಸರಿಹೋಗುತ್ತದೆ. ‘ಎಲ್ಸ್ಕ’ದಲ್ಲಿ ಕೆ ಅಕ್ಷರ ಸಕಾರದ ಹಿಂದೆ ಬಂದಿರುವುದರಿಂದ ಅದು ನಮ್ಮ ಸಾದಾ ಕ. ಕೊನೆಯ ‘ಇಆರ್’ ಮೊಂಡ ಅಕಾರವಾಗಿ ಮುಗಿಯುತ್ತದೆ, ‘ರ್’ ಉಳಿಯುವುದಿಲ್ಲ.

ನಮ್ಮವರು ಎಡವುವುದು ಮೆತ್ತನೆಯ ದಕಾರದಲ್ಲಿ. ಸ್ವರದ ನಂತರ ಬರುವ ಡಿ ನಮ್ಮ ‘ದ’ ಅಲ್ಲ. ‘ದ’ ಎನ್ನುವಾಗ ನಾಲಿಗೆಯ ತುದಿ ಮೇಲಿನ ಹಲ್ಲಿಗೆ ಬಡಿಯುತ್ತದೆ, ಇಲ್ಲಿ ಬಡಿಯಕೂಡದು. ತುದಿಯನ್ನು ಕೆಳಗಿನ ಹಲ್ಲಿನ ಹಿಂದೆ ಊರಿ, ನಾಲಿಗೆಯ ಹಿಂಭಾಗವನ್ನು ತುಸು ಎತ್ತಿ, ಉಸಿರು ಹರಿಯಲು ಬಿಡಬೇಕು. ಹೊಸಬರ ಕಿವಿಗೆ ಅದು ‘ಲ್’ ಎಂದು ಕೇಳುತ್ತದೆ. ಸಿಹಿ, ಮುದ್ದು ಎನ್ನುವ ‘ಸೋದ್’, ಊಟ ಎನ್ನುವ ‘ಮ್ಯಾದ್’, ಖುಷಿ ಎನ್ನುವ ‘ಗ್ಲಾದ್’, ಎಲ್ಲದರಲ್ಲೂ ಇದೇ ಧ್ವನಿ. ಈ ಪತ್ರದ ಡ್ಯಾನಿಶ್ ಮಾತುಗಳಲ್ಲಿ ‘ದ’ ಕಂಡರೆ ಅದು ಮೆತ್ತನೆಯದು, ‘ಡ’ ಕಂಡರೆ ಗಟ್ಟಿಯದು ಎಂದು ಓದಿಕೊಳ್ಳಬೇಕು. ‘ಸೋದ್’ನ ಸ್ವರಕ್ಕೂ ಒಂದು ಯುಕ್ತಿ ಇದೆ: ನಾಲಿಗೆಯನ್ನು ‘ಏ’ಗೆ ಇಟ್ಟು ತುಟಿಯನ್ನು ಮಾತ್ರ ‘ಓ’ಗೆ ಮಾಡಬೇಕು. ಮುತ್ತು ಎನ್ನುವ ಪದವನ್ನು ಕೆ, ವೈ, ಎಸ್ ಎಂದು ಬರೆದರೂ ಅದರ ಸ್ವರ ಇದರದೇ ಗಿಡ್ಡ ರೂಪ. ‘ಖಿಸ್’ ಅಂದರೆ ತಪ್ಪು.

ಇನ್ನೊಂದು, ಸ್ವರವನ್ನು ಗಂಟಲಲ್ಲಿ ಗಕ್ಕನೆ ಹಿಡಿಯುವ ‘ಸ್ಟೋದ್’. ಜೋಳದ ಚೀಲ ಎತ್ತುವಾಗ ಉಸಿರು ಗಂಟಲಲ್ಲಿ ಬಿಗಿಯುತ್ತದಲ್ಲ, ಹಾಗೆ; ಪೂರ್ತಿ ಮುಚ್ಚುವಷ್ಟಲ್ಲ, ದನಿ ಕರಕರ ಎನ್ನುವಷ್ಟು. ‘ಹುನ್’ ಎಂದು ಬಿಡುಬೀಸಾಗಿ ಹೇಳಿದರೆ ‘ಅವಳು’, ಅದನ್ನೇ ಗಂಟಲಲ್ಲಿ ಹಿಡಿದು ಹೇಳಿದರೆ ‘ನಾಯಿ’. ಬಿಡುಬೀಸಾದ ‘ಮೋರ್’ ತಾಯಿ, ಹಿಡಿದದ್ದು ಕೊಲೆ. ಹೀಗೆಂದು ಹೆದರಬೇಕಿಲ್ಲ. ಬೋರ್ನ್‌ಹೋಮ್ ದ್ವೀಪದ ಮಾತಿನಲ್ಲಿ ಸ್ಟೋದ್ ಇಲ್ಲವೇ ಇಲ್ಲ, ಆದರೂ ಅದು ಡ್ಯಾನಿಶ್ ಮಾತೇ. ಕಲಿಯುವವರು ಮೊದಲ ವರ್ಷ ಮೆತ್ತನೆಯ ದಕಾರಕ್ಕೆ ಬೆವರು ಸುರಿಸಲಿ, ಸ್ಟೋದ್ ಕಿವಿಗೆ ಬಿದ್ದು ಬಿದ್ದು ತಾನಾಗಿ ಬರುತ್ತದೆ.

ಈಗ ಮಾತಿಗೆ ಬರೋಣ. ‘ಯೈ ಎಲ್ಸ್ಕ ಡೈ’ ಭಾರದ ಮಾತು. ಪರಿಚಯವಾಗಿ ಎರಡು ವಾರಕ್ಕೆ ಹೇಳಿದರೆ ಎದುರಿನವರು ತಬ್ಬಿಬ್ಬಾಗುತ್ತಾರೆ. ಮೊದಲಿಗೆ ‘ಯೈ ಖ ಗೊಟ್ ಲೀ ಡೈ’ ಅನ್ನಬೇಕು. ನೀನು ನನಗ ಸೇರ್ತಿ, ಎಂದಷ್ಟೇ ಇದರ ತೂಕ. ಇದರಲ್ಲಿ ‘ಖ’ ಬಿಡುವ ಹಾಗಿಲ್ಲ. ‘ಲೀ’ ಎಂದು ಕೇಳುವ ಪದವನ್ನು ಬರಹದಲ್ಲಿ ಒಂಟಿಯಾಗಿ ಬಿಟ್ಟರೆ ‘ನರಳು, ಸಂಕಟ ಪಡು’ ಎಂಬ ಅರ್ಥ ಬರುತ್ತದೆ. ಮನಸ್ಸು ಸೋತ ಮೇಲೆ ‘ಯೈ ಎ ಫೊಎಲ್ಸ್ಕೆದ್ ಈ ಡೈ’. ‘ಯೈ ಹೊಲ ಆ ಡೈ’ ಎಂದರೆ ನಿನ್ನ ಮೇಲೆ ಅಕ್ಕರೆ ಇದೆ ಎಂದು. ಇದನ್ನು ತಾಯಿಗೂ ಗೆಳತಿಗೂ ಹೇಳಬಹುದು. ದೂರ ಇದ್ದಾಗ ‘ಯೈ ಸೌನ ಡೈ’. ಇದಕ್ಕೆ ಪುಸ್ತಕದ ಕನ್ನಡದಲ್ಲಿ ತಡಕಾಡುವುದು ಬೇಡ, ‘ನೀ ಇಲ್ಲದ ಬ್ಯಾಸರ ಆಗೇತಿ’ ಅನ್ನುವುದೇ ಅದರ ಅರ್ಥ.

ಸಂಗಾತಿಗೆ ‘ಖೇರಸ್ಟೆ’ ಎನ್ನುತ್ತಾರೆ. ಅತಿ ಪ್ರಿಯರು ಎಂಬುದು ಮೂಲಾರ್ಥ. ಹುಡುಗನಿಗೂ ಹುಡುಗಿಗೂ ಒಂದೇ ಪದ, ಮದುವೆಯಾಗದೆ ಜೊತೆಗಿರುವವರಿಗೂ ಅದೇ. ಕರೆಯುವಾಗ ‘ಸ್ಕ್ಯಾಟ್’ ಎನ್ನುವುದು ಮನೆಮನೆಯ ಮಾತು. ನಿಧಿ ಎಂದು ಅದರ ಅರ್ಥ. ಚಿನ್ನ, ಬಂಗಾರ ಎಂದು ನಾವು ಕರೆಯುವುದಿಲ್ಲವೇ, ಹಾಗೆ. ತೆರಿಗೆಗೂ ಅದೇ ಪದ. 2018ರವರೆಗೆ ಅಲ್ಲಿನ ತೆರಿಗೆ ಇಲಾಖೆಯ ಹೆಸರೇ ಸ್ಕ್ಯಾಟ್ ಎಂದಿತ್ತು. ಇಂಗ್ಲಿಷ್ ಬಲ್ಲವರು ಬೀಳುವ ಗುಂಡಿ ಬೇರೆ: ‘ಗಿಫ್ಟ್’ ಎಂದರೆ ಡ್ಯಾನಿಶ್‌ನಲ್ಲಿ ಒಂದು ಅರ್ಥ ‘ಮದುವೆಯಾದವರು’, ಇನ್ನೊಂದು ‘ವಿಷ’. ಉಡುಗೊರೆಗೆ ‘ಗ್ಯಾವೆ’ ಎನ್ನಬೇಕು. ಹುಟ್ಟುಹಬ್ಬದ ದಿನ ‘ನಿನಗೊಂದು ಗಿಫ್ಟ್ ತಂದೀನಿ’ ಎಂಬುದನ್ನು ಹಾಗೇ ಡ್ಯಾನಿಶ್‌ಗೆ ಇಳಿಸಿದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ.

ಸಂಸಾರ ನಡೆಯುವುದು ಈ ದೊಡ್ಡ ಮಾತುಗಳಿಂದಲ್ಲ, ಸಣ್ಣ ಪದಗಳಿಂದ. ಪುಸ್ತಕಗಳು ಇವನ್ನು ಬಿಟ್ಟುಬಿಡುತ್ತವೆ, ಯಾಕೆಂದರೆ ಇಂಗ್ಲಿಷಿನಲ್ಲಿ ಇವಕ್ಕೆ ನೇರ ಸಮಾನಪದ ಸಿಗುವುದಿಲ್ಲ. ನಮ್ಮಲ್ಲಿ ಸಿಗುತ್ತದೆ. ‘ಲೀ’ ಎಂದು ನುಡಿಯುವ ಇನ್ನೊಂದು ಪದವಿದೆ (ಬರೆಯುವುದು ಎಲ್, ಐ, ಜಿ, ಇ). ‘ಖ ಡು ಲೀ ಹೆಂಟೆ ಮೆಲ್ಕ್?’ ಅಂದರೆ ‘ಒಂಚೂರು ಹಾಲು ತಂದುಕೊಡ್ತಿಯೇನು?’ ಇಲ್ಲಿ ‘ಒಂಚೂರು’ ಹಾಲಿನ ಅಳತೆಯಲ್ಲ, ಕೇಳುವ ದನಿಯ ಮೆದುತನ. ‘ಲೀ’ ಕೂಡ ಅಷ್ಟೇ. ‘ದಯವಿಟ್ಟು’ ಎನ್ನುವುದಕ್ಕೆ ಡ್ಯಾನಿಶ್‌ನಲ್ಲಿ ಒಂದೇ ಸಿದ್ಧ ಪದ ಇಲ್ಲ, ಆ ಕೆಲಸವನ್ನು ಬಹಳಷ್ಟು ಈ ‘ಲೀ’ಯೇ ಮಾಡುತ್ತದೆ. ಅದನ್ನು ಬಿಟ್ಟು ಕೇಳಿದರೆ ಹುಕುಂ ಮಾಡಿದಂತೆ ಆಗುತ್ತದೆ. ‘ಗೀದ ಡು ಲ್ಯಾವೆ ಖಾಫೆ?’ ಎಂದೂ ಕೇಳಬಹುದು: ಕಾಫಿ ಮಾಡಾಕ ಮನಸ್ಸೈತೇನು, ಎಂದು. ಆದರೆ ಅದೇ ಕ್ರಿಯಾಪದವನ್ನು ತಿರುಗಿಸಿ ‘ಯೈ ಗೀದ ಎಕೆ’ ಅಂದರೆ ‘ನನ್ನ ಕಡೆ ಆಗೂದಿಲ್ಲ ಹೋಗು’ ಎಂಬಷ್ಟು ಒರಟು.

‘ಯೊ’ ಎಂಬುದು ನಮ್ಮ ‘ಅಲ್ಲ’. ‘ಡು ಖೊಮ ಯೊ ಇ ಮೋನ್’ ಎಂದರೆ ‘ನಾಳೆ ಬರ್ತಿಯಲ್ಲ’. ಇಬ್ಬರಿಗೂ ಗೊತ್ತಿರುವ ಸಂಗತಿ ಎಂಬ ಸೂಚನೆ ಅದರಲ್ಲಿದೆ. ಇದೇ ‘ಯೊ’ಗೆ ಇನ್ನೊಂದು ಕೆಲಸವಿದೆ, ಇದನ್ನು ತಪ್ಪಿದರೆ ಜಗಳವೇ ಆದೀತು. ‘ಎಲ್ಸ್ಕ ಡು ಮೈ ಎಕೆ?’ ಎಂದು ಸಂಗಾತಿ ಕೇಳಿದರೆ, ಅಂದರೆ ‘ನನ್ನ ಮ್ಯಾಲೆ ಪ್ರೀತಿ ಇಲ್ಲೇನು?’ ಎಂದರೆ, ‘ಯ’ ಎಂದು ಉತ್ತರಿಸಬಾರದು. ‘ಯ’ ಎಂದರೆ ಬರೀ ‘ಹೌದು’. ‘ಇಲ್ಲೇನು’ ಎಂದು ಕೇಳಿದಾಗ ನಾವು ‘ಹೌದು’ ಎನ್ನುತ್ತೇವೆಯೇ? ‘ಐತಿ’ ಎನ್ನುತ್ತೇವೆ. ಆ ‘ಐತಿ’ಯೇ ‘ಯೊ’. ಇಲ್ಲ ಎಂಬಂತೆ ಕೇಳಿದ ಪ್ರಶ್ನೆಯನ್ನು ಅಲ್ಲಗಳೆದು ಇದೆ ಎಂದು ಹೇಳಲು ಡ್ಯಾನಿಶ್‌ನಲ್ಲಿ ಇದೊಂದೇ ಪದ ಸಾಕು.

‘ನೊಕ್’ ಕೂಡ ಸೂಕ್ಷ್ಮ. ‘ಹಾನ್ ಖೊಮ ನೊಕ್’ ಎಂದರೆ ‘ಬಂದಾನು’. ಆದರೆ ‘ಯೈ ಸ್ಕ ನೊಕ್’ ಎಂದರೆ ‘ಮಾಡ್ತೀನಿ ಬಿಡು, ಚಿಂತಿ ಮಾಡಬ್ಯಾಡ’ ಎಂಬ ಭರವಸೆ. ‘ಸ್ಕ’ ಇಲ್ಲದೆ ಹೇಳಿದರೆ ಅದೇ ಮಾತು ‘ಮಾಡೇನು’ ಎಂದು ಸಡಿಲವಾಗುತ್ತದೆ, ಕೇಳಿದವರಿಗೆ ನಂಬಿಕೆ ಬರುವುದಿಲ್ಲ. ಸಂಗಾತಿ ಕಂಗಾಲಾಗಿದ್ದಾಗ ‘ಡೆ ಸ್ಕ ನೊಕ್ ಗೋ’ ಅನ್ನಿ. ‘ಎಲ್ಲಾ ಛಲೋ ಆಕ್ಕೈತಿ’ ಎಂದು ಬೆನ್ನು ಸವರಿದ ಹಾಗೆ.

ದುಃಖಕ್ಕೆ ಡ್ಯಾನಿಶ್ ಪದ ‘ಖೇದ್’. ನಮ್ಮ ಖೇದಕ್ಕೂ ಅದಕ್ಕೂ ನಂಟು ಇದೆಯೆಂದು ತಿಳಿಯಬೇಡಿ, ನೆನಪಿಟ್ಟುಕೊಳ್ಳಲು ಮಾತ್ರ ಇದಕ್ಕಿಂತ ಸುಲಭ ಬೇರೆ ಸಿಗದು. ‘ಎ ಡು ಖೇದ್ ಆ ಡೆ?’ ಎಂದರೆ ‘ಮನಸ್ಸಿಗೆ ನೋವಾಗೇತೇನು?’ ‘ಯೈ ಎ ಖೇದ್ ಆ ಡೆ’ ಎಂದರೆ ‘ನನಗ ಕೆಟ್ಟ ಅನಿಸೇತಿ’. ತಪ್ಪು ತನ್ನದೇ ಆಗಿದ್ದರೆ ಇಷ್ಟೇ ಸಾಲದು. ‘ಓನ್‌ಸ್ಕುಲ್’ ಎಂದು ಮೊದಲು ಕ್ಷಮೆ ಕೇಳಿ, ‘ಡೆ ವಾ ಮಿನ್ ಸ್ಕುಲ್’, ತಪ್ಪು ನನ್ನದೇ, ಎಂದು ಒಪ್ಪಿಕೊಳ್ಳಬೇಕು. ಎಚ್ಚರ ಬೇಕಾದದ್ದು ಇಲ್ಲಿ: ‘ಯೈ ಖೇದ ಮೈ’ ಎಂದುಬಿಟ್ಟರೆ ‘ನನಗೆ ಬೋರ್ ಹೊಡೀತಿದೆ’ ಎಂದಾಗುತ್ತದೆ. ಅಳುತ್ತಿರುವವರ ಮುಂದೆ ಕುಳಿತು ಹೇಳುವ ಮಾತಲ್ಲ.

ಮನೆಗೆ ಸಂಬಂಧಿಸಿದ ಎರಡು ಪದ ಇಂಗ್ಲಿಷಿನಿಂದ ಕಲಿತವರನ್ನು ವರ್ಷಗಟ್ಟಲೆ ಕಾಡುತ್ತವೆ, ನಮಗೆ ಕಾಡಬೇಕಿಲ್ಲ. ‘ಯೆಮೆ’ ಎಂದರೆ ಮನ್ಯಾಗ, ‘ಯೆಮ್’ ಎಂದರೆ ಮನಿಗೆ. ‘ಯೈ ಎ ಯೆಮೆ’, ಮನ್ಯಾಗ ಅದೀನಿ. ‘ಯೈ ಖೊಮ ಯೆಮ್’, ಮನಿಗೆ ಬರ್ತೀನಿ. ಒಳಗೆ, ಹೊರಗೆ, ಮೇಲೆ, ಕೆಳಗೆ ಎನ್ನುವ ಪದಗಳಿಗೂ ಹೀಗೇ ಎರಡೆರಡು ರೂಪ. ಪ್ರಶ್ನೆಯೋ ಆಜ್ಞೆಯೋ ಅಲ್ಲದ ಸಾದಾ ವಾಕ್ಯದಲ್ಲಿ ಕ್ರಿಯಾಪದ ಎರಡನೆಯ ಸ್ಥಾನ ಬಿಟ್ಟುಕೊಡುವುದಿಲ್ಲ ಎಂಬುದನ್ನೂ ಮರೆಯಬಾರದು: ‘ಇ ಡ್ಯಾ’ (ಇವತ್ತು) ಎಂದು ಶುರು ಮಾಡಿದರೆ ‘ಎ ಯೈ’ ಎಂದು ಮುಂದುವರಿಸಬೇಕು, ‘ಯೈ ಎ’ ಎಂದಲ್ಲ. ಭೇಟಿಗೆ ಹೊತ್ತು ಗೊತ್ತು ಮಾಡುವಾಗ ‘ಹ್ಯಾಲ್ ಓಟೆ’ ಎಂದರೆ ಏಳೂವರೆ. ಎಂಟನೆಯ ಗಂಟೆಗೆ ಅರ್ಧ ಎಂಬುದು ಅವರ ಲೆಕ್ಕ. ಎಂಟೂವರೆ ಎಂದುಕೊಂಡು ಹೋದರೆ ಒಂದು ತಾಸು ಕಾಯಿಸಿದಂತೆ.

ಊಟ ಮುಗಿದಾಗ ‘ತ್ಸಾಕ್ ಫೊ ಮ್ಯಾದ್’ ಎಂದು ಅಡುಗೆ ಮಾಡಿದವರಿಗೆ ಹೇಳಲೇಬೇಕು, ದಿನವೂ, ಕಟ್ಟಿಕೊಂಡವರಿಗೂ. ಅವರು ‘ವೆಲ್‌ಬೆಖೊಮೆ’ ಎನ್ನುತ್ತಾರೆ. ನಮ್ಮಲ್ಲಿ ಮನೆಯವರಿಗೆ ಥ್ಯಾಂಕ್ಸ್ ಹೇಳುವುದು ಪರಕೀಯ ಎನಿಸುತ್ತದೆ, ಅಲ್ಲಿ ಹೇಳದೆ ಏಳುವುದೇ ಒರಟುತನ. ಅತ್ತೆ ಮಾವನ ಮನೆಗೆ ಹೋಗಿ ಬಂದು ಮತ್ತೆ ಭೇಟಿಯಾದಾಗ ಮೊದಲ ಮಾತು ‘ತ್ಸಾಕ್ ಫೊ ಸಿಸ್ಟ್’, ಹಿಂದಿನ ಸಲದ್ದಕ್ಕೆ ಉಪಕಾರ. ಹಾಂ, ‘ರೀ’ ಹಚ್ಚುವ ನಮ್ಮ ರೂಢಿಗೆ ಅಲ್ಲಿ ಜಾಗವಿಲ್ಲ. ಗಂಡನಿಗೂ ಅತ್ತೆಗೂ ‘ಡು’, ಅಂದರೆ ನೀನು. ಅತ್ತೆಯನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಬಹುವಚನದ ‘ಡಿ’ ಹಳೆಯ ವ್ಯಾಕರಣ ಪುಸ್ತಕದಲ್ಲಿದೆ, ಅದನ್ನು ಗೌರವವೆಂದು ಬಳಸಿದರೆ ದೂರ ಇಟ್ಟಂತೆ ಆಗುತ್ತದೆ. ಸಂಬಂಧದ ಹೆಸರುಗಳಲ್ಲಿ ಮಾತ್ರ ಅವರು ನಮ್ಮ ಹಾಗೆಯೇ ಬಿಡಿಸಿ ಹೇಳುತ್ತಾರೆ: ತಾಯಿಯ ತಾಯಿ ‘ಮೋರ್‌ಮೋರ್’, ತಂದೆಯ ತಾಯಿ ‘ಫಾಮೋರ್’, ಮಾವಶಿಗೆ (ತಾಯಿಯ ಅಕ್ಕ ತಂಗಿಗೆ) ‘ಮೋಸ್ಟ’, ಸ್ವಾದರತ್ತಿಗೆ ‘ಫ್ಯಾಸ್ಟ’.

ಮೊಬೈಲ್ ಸಂದೇಶದ ಕೊನೆಗೆ ‘ಖ್ನೂಸ್’ ಎಂದರೆ ಅಪ್ಪುಗೆ. ಸ್ನೇಹಿತರಿಗೂ ಬರೆಯಬಹುದು. ಮುತ್ತಿನ ಪದ ಹತ್ತಿರದವರಿಗೆ. ಕಚೇರಿ ಪತ್ರದ ಕೊನೆಗೆ ‘ಸ್ನೇಹದ ವಂದನೆಗಳೊಂದಿಗೆ’ ಎನ್ನಲು ಹಾಕುವ ಎಂ-ವಿ-ಎಚ್ ಎಂಬ ಮೂರಕ್ಷರವನ್ನು ಸಂಗಾತಿಗೆ ಕಳಿಸಿದರೆ ಸಿಟ್ಟು ಬಂದಿದೆ ಎಂದೇ ಅರ್ಥ. ಪ್ರಯಾಣ ಹೊರಟವರಿಗೆ ‘ಸ್ಕ್ರೀವ್, ನೋ ಡು ಎ ಫ್ರಾಮೆ’ ಎನ್ನಿ; ಮುಟ್ಟಿದ ಕೂಡ್ಲೆ ತಿಳಸು, ಎಂದು. ಉಚ್ಚಾರದಲ್ಲಿ ಅನುಮಾನ ಬಂದಾಗ ಕೇಳಿ ತಿದ್ದಿಕೊಳ್ಳಲು ‘ಡೆನ್ ಡಾನ್ಸ್ಕೆ ಓರ್‌ಬೋ’ ಎಂಬ ಡ್ಯಾನಿಶ್ ನಿಘಂಟು ಅಂತರಜಾಲದಲ್ಲಿ ಪುಕ್ಕಟೆಯಾಗಿದೆ, ಪದಗಳಿಗೆ ಧ್ವನಿಯನ್ನೂ ಜೋಡಿಸಿದ್ದಾರೆ.

ಮುಂದಿನ ಭಾನುವಾರ ತಿದ್ದುಪಡಿಗೆ ಒಂದೇ ಸಾಲಿನ ಜಾಗವಿದ್ದರೆ ‘ಯೈ ಎಲ್ಸ್ಕ ಡೈ’ ಎಂದು ಹಾಕಿ. ಎರಡು ಸಾಲಿಗೆ ಜಾಗವಿದ್ದರೆ ಅದರ ಕೆಳಗೆ ‘ತ್ಸಾಕ್ ಫೊ ಮ್ಯಾದ್’ ಎಂಬುದನ್ನೂ ಸೇರಿಸಿ.

ಇತಿ,
ಡ್ಯಾನಿಶ್ ಕಲಿಸುವ ಇಬ್ಬರು ಓದುಗರು,
ಟಿಳಕವಾಡಿ, ಬೆಳಗಾವಿ