ಕಾಮ-ರತಿ ನಗಲಿಲ್ಲ, ಓಣಿ ನಕ್ಕಿತು

ರಾಣೆಬೆನ್ನೂರು

ತಮ್ಮಾ,

ನಿನ್ನ ಹಾಸ್ಯ ಕಾರ್ಯಕ್ರಮದ ಸ್ಕ್ರಿಪ್ಟ್ ಓದಿದೆ. ಎರಡು ಕಡೆ ನಕ್ಕೆ. "ಕಷ್ಟದ ಬಾಲ್ಯವೇ ನನ್ನನ್ನು ಹಾಸ್ಯಗಾರನನ್ನಾಗಿ ಮಾಡಿತು" ಅಂತ ಶುರುವಿಗೇ ಬರೆದಿದ್ದೀಯಲ್ಲ, ಅದನ್ನು ತೆಗೆ. ಕಷ್ಟ ಕಂಡವರೆಲ್ಲ ನಗಿಸೋ ಹಾಗಿದ್ದರೆ ನಮ್ಮ ಎಪಿಎಂಸಿ ಹಮಾಲರೆಲ್ಲ ಸ್ಟೇಜ್ ಮೇಲೆ ಇರುತ್ತಿದ್ದರು.

ನಮ್ಮೂರ ಹೋಳಿ ನಿನಗೆ ಗೊತ್ತು. ಜೀವಂತ ಕಾಮ-ರತಿಯನ್ನು ಕೂಡಿಸುತ್ತಾರೆ. ಇಬ್ಬರೂ ಗಂಡಸರೇ. ಅವರನ್ನು ನಗಿಸಿದವರಿಗೆ ಬಹುಮಾನ. ನನಗಾಗ ಎಂಟು ವರ್ಷ. ಒಬ್ಬ ಕುಣಿದ, ಇನ್ನೊಬ್ಬ ಕತ್ತೆ ಹಾಗೆ ಒದರಿದ. ಇಬ್ಬರೂ ಕಲ್ಲಿನಂತೆ ಕೂತಿದ್ದರು. ಆಗ ನಮ್ಮ ಅಜ್ಜಿ ನನ್ನ ಕೈ ಬಿಡಿಸಿಕೊಂಡು ಮುಂದೆ ಹೋದಳು. ರತಿಯ ಮುಖದ ಬೆವರು ನೋಡಿ, "ಯವ್ವಾ, ಎಷ್ಟೊತ್ತಿಂದ ಕುಂತೀಯಲ್ಲ, ಏನರ ಉಂಡೀಯಿಲ್ಲೋ?" ಅಂದಳು. ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು. ಕಾಮ-ರತಿ ಮಾತ್ರ ನಗಲಿಲ್ಲ. ಜನ ಯಾಕೆ ನಕ್ಕರು ಅಂತ ಅಜ್ಜಿಗೆ ಕೊನೆಗೂ ತಿಳಿಯಲಿಲ್ಲ.

ಮನೆಗೆ ಬಂದು ಅದೇ ಮಾತನ್ನು ತಂಗಿಯ ಮುಂದೆ ಹೇಳಿದೆ. ಅವಳು ಸುಮ್ನೆ ನನ್ನ ಮುಖ ನೋಡಿದಳು. ನಾನು ನಗಿಸೋಕೆ ಹೊರಟಿದ್ದೆ. ಅಜ್ಜಿ ನಿಜವಾಗಿಯೂ ಊಟ ಆಯ್ತಾ ಅಂತ ಕೇಳಿದ್ದಳು. ಇಷ್ಟು ತಿಳಿಯೋಕೆ ನನಗೆ ಹತ್ತು ವರ್ಷ ಬೇಕಾಯಿತು.

ಚಾರ್ಲಿ ಚಾಪ್ಲಿನ್ 1964ರ ಆತ್ಮಕಥೆಯಲ್ಲಿ ಇಂಥದ್ದೇ ಒಂದು ರಾತ್ರಿಯನ್ನು ನೆನೆಯುತ್ತಾನೆ. ಆಗ ಅವನಿಗೆ ಐದು ವರ್ಷ. ಊರು ಇಂಗ್ಲೆಂಡಿನ ಆಲ್ಡರ್‌ಶಾಟ್. ಹಾಡುತ್ತಿದ್ದ ತಾಯಿಯ ದನಿ ಒಡೆಯಿತು, ಜನ ಗಲಾಟೆ ಮಾಡಿದರು, ಮಗನನ್ನು ಕರೆತಂದು ನಿಲ್ಲಿಸಿದರು. ಅರ್ಧ ಹಾಡಿಗೇ ದುಡ್ಡು ಬಿತ್ತು. ಮೊದಲು ದುಡ್ಡು ಆರಿಸಿಕೊಳ್ತೀನಿ, ಆಮೇಲೆ ಹಾಡ್ತೀನಿ ಅಂದ. ಮ್ಯಾನೇಜರ್ ಕರ್ಚೀಫ್ ಹಿಡಿದು ಆರಿಸೋಕೆ ಬಂದರೆ, ಇವನೇ ಇಟ್ಟುಕೊಂಡುಬಿಟ್ಟಾನು ಅಂತ ಹುಡುಗ ಅವನ ಬೆನ್ನು ಹತ್ತಿದ. ಜನ ಇನ್ನೂ ಜಾಸ್ತಿ ನಕ್ಕರು. ಹುಡುಗನಿಗೆ ಇದ್ದದ್ದು ಬರೀ ದುಡ್ಡಿನ ಚಿಂತೆ. ಆಮೇಲೆ ತಾಯಿಯ ಒಡೆದ ದನಿಯನ್ನೂ ಅಣಕಿಸಿ ಹಾಡಿದ. ಅದಕ್ಕೂ ನಕ್ಕರು. ಅಲ್ಲಿ ನನಗೆ ಹೊಟ್ಟೆ ಕಲಸಿದಂತಾಯಿತು, ಪುಸ್ತಕ ಮುಚ್ಚಿಟ್ಟೆ.

ಈಗ ನಿನ್ನ ವಿಷಯ. ಗದಗಿನ ಸೈಕಲ್ ಅಂಗಡಿಯ ಗೋಡೆ ಮೇಲೆ ನಿಮ್ಮಪ್ಪ ಉದ್ರಿ ಬರೆದಿಡುತ್ತಿದ್ದರು, ದೀಪಾವಳಿಗೆ ನಿಮ್ಮವ್ವ ಅದೇ ಗೋಡೆಗೆ ಸುಣ್ಣ ಹಚ್ಚಿದರು ಅಂತ ನೀನೇ ಫೋನಿನಲ್ಲಿ ಹೇಳಿದ್ದೆ. ಸ್ಕ್ರಿಪ್ಟ್‌ನಲ್ಲಿ "ಬಡತನ" ಆರು ಸಲ ಬಂದಿದೆ. ಗೋಡೆ ಒಂದು ಸಲವೂ ಇಲ್ಲ!

ಅದನ್ನು ಬರೆ. ಆದರೆ ಅಪ್ಪನನ್ನು ಪೆದ್ದನನ್ನಾಗಿ ಮಾಡಬೇಡ. ಅವರಿಗೆ ಅದು ಲೆಕ್ಕದ ಪುಸ್ತಕ. ಅವ್ವನಿಗೆ ಹಬ್ಬದ ಗೋಡೆ. ಇಬ್ಬರದ್ದೂ ಸರಿಯೇ, ಅಲ್ವಾ? ಆಮೇಲೆ ಉದ್ರಿಯವರ ಮನೆ ಬಾಗಿಲಿಗೆ ಹೋಗಿ ಅಪ್ಪ ಏನಂತ ಕೇಳಿದರು? ಊಹೆ ಮಾಡಬೇಡ. ಈ ಭಾನುವಾರ ಅವರನ್ನೇ ಕೇಳು. ಅವರು ಹೇಳಿದ ಮಾತನ್ನು ಹಾಗೇ ಬರೆದು ಕಳಿಸು.

ನಿನ್ನ
ಅಣ್ಣ