ಸಸಿಯ ಚೀಟಿಯಲ್ಲಿ ಹೂ ಬಿಡುವ ತಿಂಗಳೂ ಇರಲಿ

ಮಾನ್ಯ ಸಂಪಾದಕರೇ,

ಮಳೆ ಹಿಡಿದರೆ ನರ್ಸರಿಗಳಲ್ಲಿ ಸಸಿ ಕೊಳ್ಳುವವರ ಸಾಲು. ಹೆಚ್ಚಿನವರು ಹುಡುಕುವುದು ಹಲವು ಸುತ್ತಿನ ಎಸಳಿರುವ ದಾಸವಾಳದಂಥ ಹೂಗಳನ್ನು. ಅಂಥ ಹೂವಿನಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುವುದರಿಂದ ಜೇನಿಗೆ ಪರಾಗ ಸಿಗುವುದು ಕಡಿಮೆ. ಜೇನಿಗೂ ಆಹಾರ ಸಿಗಲಿ ಎಂದು ಗಿಡ ನೆಡುವವರಿಗೆ ಒಂದೇ ಸುತ್ತಿನ ಹೂವೇ ಮೇಲು.

30×40 ಅಡಿ ನಿವೇಶನದಲ್ಲೂ ಒಂದೆರಡು ಸಣ್ಣ ಮರಕ್ಕೆ ಜಾಗ ಹೊಂದಿಸಬಹುದು. ಮೊದಲ ಆಯ್ಕೆ ನುಗ್ಗೆ. ತುಡುವೆ ಜೇನು, ಕೋಲುಜೇನು, ಕಪ್ಪು ದುಂಬಿ ಎಲ್ಲವೂ ಇದರ ಹೂವಿಗೆ ಬರುತ್ತವೆ. ಪಿಕೆಎಂ-1 ತಳಿಯ ಬೀಜ ಹಾಕಿದರೆ ಸುಮಾರು ಆರು ತಿಂಗಳಿಗೆ ಹೂ. ಗಿಡ ಎರಡೂವರೆ ಅಡಿ ಆದಾಗ ಕುಡಿ ಚಿವುಟಬೇಕು. ಇಲ್ಲವಾದರೆ ನೆಟ್ಟಗೆ ಬೆಳೆದು ಗಾಳಿಗೆ ಮುರಿಯುತ್ತದೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದು ಖಚಿತ. ಆದ್ದರಿಂದ ಮಣ್ಣನ್ನು ದಿಬ್ಬ ಮಾಡಿ ನೆಡಿ.

ಕರಿಬೇವು ಎಲ್ಲರ ಮನೆಯಲ್ಲೂ ಇದೆ, ಹೂ ಮಾತ್ರ ಕಾಣುವುದಿಲ್ಲ. ಹೂಗೊಂಚಲು ಮೂಡುವುದು ರೆಂಬೆಯ ತುದಿಯಲ್ಲಿ, ನಾವು ದಿನಾ ಮುರಿಯುವುದೂ ಅದೇ ತುದಿಯನ್ನು. ಅಡುಗೆಗೆ ಬುಡದ ಮರಿಗಳಿಂದ ಎಲೆ ಕಿತ್ತು, ಮೇಲಿನ ಎರಡು ಮೂರು ಕೊಂಬೆ ಮುಟ್ಟದೆ ಬಿಡಿ.

ಜಾಗವಿದ್ದರೆ ಎಲಚಿಯನ್ನೂ ನೆಡಿ. ಮುಳ್ಳಿದೆ ಎಂದು ಜನ ಹಿಂಜರಿಯುತ್ತಾರೆ. ಆದರೆ ಜೇನಿಗೆ ಆಹಾರದ ಬರ ಬರುವುದು ಮಳೆಗಾಲದಲ್ಲಿ, ಆ ಬರದ ಕೊನೆಗೆ ಹೂ ಬಿಡುವ ಮರ ಇದು. ಸೀಬೆ, ನೆಲ್ಲಿ, ನಿಂಬೆಯೂ ಒಳ್ಳೆಯವೇ.

ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಒಂದು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ ಬೆರೆಸಿ ತುಂಬಿ. ಗೋಡೆ ಮತ್ತು ಸಂಪಿನಿಂದ ಆರು ಅಡಿಯಾದರೂ ದೂರವಿರಲಿ. ನೆಲವನ್ನೆಲ್ಲ ಟೈಲ್ಸ್‌ನಿಂದ ಮುಚ್ಚಬೇಡಿ, ಮಣ್ಣಿನಲ್ಲೇ ಗೂಡು ತೋಡುವ ಜೇನ್ನೊಣಗಳಿವೆ.

ಇಷ್ಟೆಲ್ಲ ಮಾಡಿಯೂ ಕೆಡುವುದು ಔಷಧದಿಂದ. ನುಗ್ಗೆಯ ಕಾಂಡದಲ್ಲಿ ಕಂಬಳಿಹುಳು ಗುಂಪುಗೂಡಿದ ತಕ್ಷಣ ಗಿಡಕ್ಕೆಲ್ಲ ಕೀಟನಾಶಕ ಹೊಡೆಯುತ್ತಾರೆ. ಆ ಗುಂಪಿನ ಮೇಲಷ್ಟೇ ಸೋಪಿನ ನೀರು ಸುರಿದು, ಉದ್ದ ಹಿಡಿಯ ಪೊರಕೆಯಿಂದ ಉದುರಿಸಿದರೆ ಸಾಕು. ಹುಳುವಿನ ಕೂದಲು ಮೈಗೆ ತಾಗದಿರಲಿ. ಬುಡಕ್ಕೆ ಹಾಕುವ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಇನ್ನೂ ಅಪಾಯಕಾರಿ. ಬೇರು ಹೀರಿದ ವಿಷ ಮಕರಂದ, ಪರಾಗಕ್ಕೂ ಸೇರುತ್ತದೆ.

ಯಾವ ಗಿಡ ಜೇನಿಗೆ ಯಾವಾಗ ಆಹಾರ ಕೊಡುತ್ತದೆ, ಅದಕ್ಕೆ ಏನು ಹಾಕಿದ್ದಾರೆ ಎಂಬುದು ಕೊಳ್ಳುವವರಿಗೆ ತಿಳಿಯಬೇಕು. ಅದಕ್ಕಾಗಿ ತೋಟಗಾರಿಕೆ ಇಲಾಖೆಯ ನರ್ಸರಿಗಳು ಸಸಿಯ ಚೀಟಿಯಲ್ಲಿ ಹೂ ಬಿಡುವ ತಿಂಗಳನ್ನೂ, ಮಾರುವ ಮುನ್ನ ಹಾಕಿದ ಔಷಧದ ಹೆಸರನ್ನೂ ಬರೆಯುವ ಪದ್ಧತಿಯನ್ನು ಈ ಮಳೆಗಾಲದಿಂದಲೇ ಆರಂಭಿಸಲಿ.

– ಕೈತೋಟ ಆಸಕ್ತರು, ಮೈಸೂರು